ತಡವರಿಸುವ ಮೌಸ್, ಹಾಡಿದ ಆಲ್ಟೇರ್

ಪೋರ್ಟಬಲ್ ಹಾರ್ಡ್ ಡಿಸ್ಕಿನಿಂದ ಫೈಲು ಕಾಪಿ ಮಾಡುವಾಗ ವೈರ್‌ಲೆಸ್ ಮೌಸ್ ತಡವರಿಸುತ್ತದೆ, ಮೌಸ್ ಬದಲಾಯಿಸಿದರೂ ಅದೇ ಪಾಡು, ಏಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೌಸಿನ ತಪ್ಪಿಲ್ಲ. ಡಿಸ್ಕನ್ನು ಜೋಡಿಸುವ ಯುಎಸ್‌ಬಿ 3.0 ತಂತಿಯಲ್ಲಿ ಸೆಕೆಂಡಿಗೆ 500 ಕೋಟಿ ಬಿಟ್‌ಗಳು ಓಡುತ್ತವೆ. ವಿದ್ಯುತ್ತು ಅಷ್ಟು ಬೇಗ ಏರಿಳಿದರೆ ತಂತಿ, ಕನೆಕ್ಟರುಗಳೇ ಆಂಟೆನಾಗಳಾಗಿ ರೇಡಿಯೊ ಅಲೆ ಸೂಸುತ್ತವೆ. ಮೌಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯೂ ಆ ಗದ್ದಲದೊಳಗೇ ಸಿಕ್ಕಿಕೊಳ್ಳುತ್ತದೆ. ಮದುವೆಮನೆಯ ವಾಲಗದ ಪಕ್ಕ ನಿಂತು ಫೋನಿನಲ್ಲಿ ಮಾತಾಡಿದ ಹಾಗೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಪ್ರಕಟಿಸಿತ್ತು. ಮೌಸಿನ ಪುಟ್ಟ ರಿಸೀವರನ್ನು ಎಕ್ಸ್‌ಟೆನ್ಶನ್ ಕೇಬಲ್ಲಿಗೆ ಸಿಕ್ಕಿಸಿ ಹಾರ್ಡ್ ಡಿಸ್ಕಿನಿಂದ ಎರಡು ಗೇಣು ದೂರ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆದರೆ ಈ ಗದ್ದಲ ಬರೀ ಕಿರಿಕಿರಿಯಲ್ಲ. 1975ರ ಕ್ಯಾಲಿಫೋರ್ನಿಯಾದ ಕಥೆ ನನಗೆ ಬಲು ಪ್ರಿಯ. ಸ್ಟೀವ್ ಡಾಂಪಿಯರ್ ಎಂಬ ಹವ್ಯಾಸಿ ಆಲ್ಟೇರ್ 8800 ಕಂಪ್ಯೂಟರನ್ನು ಕಿಟ್ ತರಿಸಿ ತಾವೇ ಜೋಡಿಸಿದ್ದರು. ಅದಕ್ಕೆ ಕೀಬೋರ್ಡಿಲ್ಲ, ಪರದೆಯಿಲ್ಲ. ಮುಂಭಾಗದಲ್ಲಿ ಸ್ವಿಚ್ಚುಗಳು, ಕೆಂಪು ದೀಪಗಳು, ಅಷ್ಟೇ. ಒಂದು ದಿನ ಪಕ್ಕದಲ್ಲಿ ರೇಡಿಯೊ ಹಚ್ಚಿಟ್ಟು, ಅಂಕಿಗಳನ್ನು ಕ್ರಮವಾಗಿ ಜೋಡಿಸುವ ಪ್ರೋಗ್ರಾಮ್ ಓಡಿಸಿದರು. ರೇಡಿಯೊ ಝುಯ್ಯೆಂದಿತು. ಬೇರೆ ಪ್ರೋಗ್ರಾಮಿಗೆ ಬೇರೆ ಸದ್ದು! ಪ್ರೋಗ್ರಾಮಿನಲ್ಲಿ ಮತ್ತೆ ಮತ್ತೆ ಸುತ್ತುವ ಲೂಪು ಎಷ್ಟು ಉದ್ದವಿದ್ದರೆ ಯಾವ ಸ್ವರ ಎಂದು ಅವರು ಕೂತು ಗುರುತು ಹಾಕಿಕೊಂಡರು.

ಮುಂದೆ ಮೆನ್ಲೊ ಪಾರ್ಕಿನ ಶಾಲೆಯೊಂದರಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಕೂಟದ ಸಭೆ. ಡಾಂಪಿಯರ್ ನೆಲದ ಮೇಲೆ ಆಲ್ಟೇರ್ ಇಟ್ಟು, ಒಂದೊಂದೇ ಸ್ವಿಚ್ಚು ಒತ್ತಿ ಪ್ರೋಗ್ರಾಮ್ ತುಂಬಿದರು. ಯಾರದೋ ಕಾಲಿಗೆ ವೈರು ಸಿಕ್ಕಿ ಕರೆಂಟು ಹೋಯಿತು, ತುಂಬಿದ್ದೆಲ್ಲ ಅಳಿಸಿಹೋಯಿತು. ಮತ್ತೆ ಮೊದಲಿನಿಂದ. ಕೊನೆಗೂ ರೇಡಿಯೊದಿಂದ ಬೀಟಲ್ಸ್ ತಂಡದ ‘ಫೂಲ್ ಆನ್ ದ ಹಿಲ್’ ಹಾಡು ಹೊರಟಿತು, ಬೆನ್ನಿಗೇ ‘ಡೈಸಿ’. ಕಂಪ್ಯೂಟರಿಗೂ ರೇಡಿಯೊಗೂ ನಡುವೆ ಒಂದೆಳೆ ತಂತಿಯೂ ಇರಲಿಲ್ಲ. ಸ್ಪೀಕರೇ ಇಲ್ಲದ ಯಂತ್ರವನ್ನು ಅದರ ಸೋರಿಕೆಯಿಂದಲೇ ಹಾಡಿಸಿದ ಆ ಜಾಣತನಕ್ಕೆ ನಾನು ಇವತ್ತಿಗೂ ಮಾರುಹೋಗಿದ್ದೇನೆ.

ಅಲೆ ಸೋರಿದರೆ ಒಳಗಿನ ಕೆಲಸದ ಸುಳಿವೂ ಸೋರುತ್ತದೆ. ನೆದರ್ಲೆಂಡ್ಸಿನ ವಿಮ್ ವಾನ್ ಎಕ್ 1985ರಲ್ಲಿ, ಮಾನಿಟರಿನಿಂದ ಹೊಮ್ಮುವ ಅಲೆಗಳನ್ನು ದೂರದಿಂದ ಹಿಡಿದು, ಪರದೆಯ ಮೇಲಿನ ಅಕ್ಷರಗಳನ್ನು ಸಾಮಾನ್ಯ ಟಿವಿಯಲ್ಲಿ ಓದಬಹುದೆಂದು ತೋರಿಸಿದರು. ಕೆಲವು ಕೇಬಲ್ಲುಗಳ ತುದಿಯಲ್ಲಿ ಹಾವು ಇಲಿ ನುಂಗಿದಂಥ ಉಬ್ಬು ಇರುತ್ತದಲ್ಲ, ಅದು ಫೆರೈಟ್ ಕೊಳವೆ. ಇಂಥ ಸೋರಿಕೆಯನ್ನು ತಗ್ಗಿಸಲೆಂದೇ ಅದನ್ನು ಹಾಕಿರುತ್ತಾರೆ.

ಮನೆಯಲ್ಲಿ ಹಳೆಯ ರೇಡಿಯೊ ಇದೆಯೇ? ಮೀಡಿಯಂ ವೇವ್‌ನಲ್ಲಿ ಯಾವ ನಿಲ್ದಾಣವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಓಡುತ್ತಿರುವ ಲ್ಯಾಪ್‌ಟಾಪಿನ ಚಾರ್ಜರಿನ ಹತ್ತಿರ ಹಿಡಿಯಿರಿ. ಗುರುಗುಟ್ಟಿದರೆ ಪ್ಲಗ್ ಕಿತ್ತು, ಮತ್ತೆ ಕಿವಿಗೊಡಿ.