ಮನೆಯಲ್ಲೇ ರೈಫಲ್ ಮಾಡಬಹುದಾ?

ನಾನು ದೋಣಿಮಲೈನವನು. ನಮ್ಮದು ಎನ್‌ಎಂಡಿಸಿ ಅದಿರು ಗಣಿಯ ಊರು, ಫಿಟ್ಟರ್, ವೆಲ್ಡರ್‌ಗಳಿಗೆ ಬರವಿಲ್ಲ. ಮೊನ್ನೆ ಐಟಿಐ ಓದೋ ಹುಡುಗನೊಬ್ಬ ಅಮೆರಿಕದ ವಿಡಿಯೊ ತೋರಿಸಿದ. ಅಲ್ಲೊಬ್ಬ ಮನೆ ಶೆಡ್ಡಲ್ಲೇ ಸೆಮಿ-ಆಟೋಮ್ಯಾಟಿಕ್ ರೈಫಲ್ ಜೋಡಿಸ್ತಿದ್ದ. ‘ಅಣ್ಣ, ಹವ್ಯಾಸಕ್ಕೆ ನಾವೂ ಮಾಡಿದ್ರೆ?’ ಅಂದ.

ಮಾಡಿದ್ರೆ ಜೈಲು. ಅಮೆರಿಕದ ಒಕ್ಕೂಟ ಕಾನೂನು ಸ್ವಂತ ಬಳಕೆಗೆ ಬಂದೂಕು ಮಾಡಿಕೊಳ್ಳಲು ಬಿಡುತ್ತೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್ ಇದಕ್ಕೆ ಸಾಲದು. ಬಿಡಿಭಾಗ, ಅವನ್ನು ತಯಾರಿಸೋ ಯಂತ್ರ ಕೂಡ ಕಾಯ್ದೆಯ ಲೆಕ್ಕದಲ್ಲಿ ‘ಶಸ್ತ್ರ’ವೇ. 2019ರ ತಿದ್ದುಪಡಿ ಆದ ಮೇಲೆ ಅಕ್ರಮ ತಯಾರಿಕೆಗೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ.

‘ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ?’ ಅಂತ ಕೇಳಿದ. ಕೊಡವರಿಗೆ ಇರೋ ವಿನಾಯಿತಿ ಬಂದೂಕು ಹೊಂದೋದಕ್ಕೆ, ತಯಾರಿಸೋದಕ್ಕಲ್ಲ.

ಗುರಿ ಹೊಡೆಯೋ ಆಸೆಯೇ ಇದ್ರೆ ದಾರಿ ಉಂಟು. 2016ರ ನಿಯಮದಂತೆ 4.5 ಮಿ.ಮೀ. ನಳಿಕೆಯ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆಯಲ್ಲೂ 4.5 ಮಿ.ಮೀ. ಏರ್ ರೈಫಲ್ಲೇ.

ಹುಡುಗನ ಕೈಲಿ ಕಸುಬಿದೆ. ಒಂದು ಕೇಸು ಬಿದ್ರೆ ಆ ಕೈಗೆ ಕೆಲಸ ಕೊಡೋರ್ಯಾರು?