ಸಡಿಲ ಬೇರಿಂಗಿಗೆ ಅಂಟಿನ ಆಸರೆ

ಕಾಫಿ ಕುಯ್ಲಿನ ನಡುವೆ ಪಲ್ಪರ್ ನಿಂತರೆ ಆಗುವ ಪಾಡು ಸದಸ್ಯ ಬಾಂಧವರಿಗೆ ಹೊಸದಲ್ಲ. ಎರಡು ವರ್ಷಗಳ ಹಿಂದೆ ಅದು ನಮಗೇ ಒದಗಿತು. ಶಾಫ್ಟ್ ಸವೆದು, ಬೇರಿಂಗಿನ ಒಳ ಬಳೆ ಅದರ ಮೇಲೆ ಜಾರತೊಡಗಿತ್ತು. ಫಿಟ್ಟರು ಶಾಫ್ಟಿನ ಮೈಗೆ ಪಂಚಿನಿಂದ ಚುಕ್ಕೆ ಹೊಡೆದು, ಬೇರಿಂಗನ್ನು ಬಡಿದು ಕೂರಿಸಿದರು. ನಾವೂ ಅಷ್ಟಕ್ಕೇ ಸಮಾಧಾನಪಟ್ಟೆವು. ಒಂಬತ್ತನೆಯ ದಿನ ಮತ್ತೆ ಸಡಿಲ! ಅಂದು ಕುಯ್ದ ಹಣ್ಣನ್ನೆಲ್ಲ ಕಣದಲ್ಲಿ ಹರಡಿ ಚೆರ್ರಿಯಾಗಿಯೇ ಒಣಗಿಸಬೇಕಾಯಿತು. ಪಾರ್ಚ್‌ಮೆಂಟಿನ ಬೆಲೆಗೂ ಚೆರ್ರಿಯ ಬೆಲೆಗೂ ಇರುವ ಅಂತರವನ್ನು ವಿವರಿಸಬೇಕಿಲ್ಲ.

ಪಂಚಿನ ಚುಕ್ಕೆಗಳ ಉಬ್ಬಿದ ಅಂಚು ಮಾತ್ರ ಬೇರಿಂಗನ್ನು ಹಿಡಿದಿರುತ್ತದೆ. ಯಂತ್ರದ ಅದುರಿಗೆ ಅದು ಬೇಗ ಸವೆಯುತ್ತದೆ. ಬಿಗಿಯಾಗಿ ಒತ್ತಿ ಕೂರಿಸಿದ ಹೊಸ ಭಾಗಗಳಲ್ಲಿಯೂ ಲೋಹಕ್ಕೆ ಲೋಹ ಪೂರ್ತಿ ತಾಗಿರುವುದಿಲ್ಲ. ಕಣ್ಣಿಗೆ ಕಾಣದ ಆ ಎಡೆಗಳನ್ನು ತುಂಬಿ ಗಟ್ಟಿಯಾಗುವ ದ್ರವವೇ ರಿಟೈನಿಂಗ್ ಅಂಟು. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವೆರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ಅಂಟಿನ ವಂಶಕ್ಕೆ ಸೇರಿದ್ದು ಇದು. ಗಾಳಿ ಸಿಗುವವರೆಗೆ ದ್ರವ. ಗಾಳಿಯಿಲ್ಲದ ಇಕ್ಕಟ್ಟಿನಲ್ಲಿ ಲೋಹ ತಾಗಿದರೆ ಗಟ್ಟಿ. ಬಾಟಲಿಯನ್ನು ಕಂಠಪೂರ್ತಿ ತುಂಬಿಸದೆ ಮಾರುವುದು ಇದಕ್ಕಾಗಿಯೇ.

ಹಚ್ಚುವ ಕ್ರಮ ಸುಲಭ. ಹಳೆಯ ಗ್ರೀಸು, ತುಕ್ಕು ತೆಗೆದು ಅಸಿಟೋನಿನಿಂದ ಒರೆಸಿ ಒಣಗಿಸಬೇಕು. ಸೀಮೆಎಣ್ಣೆ ಬೇಡ, ಜಿಡ್ಡು ಉಳಿಯುತ್ತದೆ. ಶಾಫ್ಟಿನ ಸುತ್ತ ತೆಳುವಾಗಿ ಹಚ್ಚಿ, ಹೊಸ ಬೇರಿಂಗನ್ನು ತಿರುಗಿಸುತ್ತಾ ಕೂರಿಸಬೇಕು. ಅಂಟು ಬೇರಿಂಗಿನ ಗುಂಡುಗಳಿಗೆ ತಾಗಬಾರದು. ಹೊರಬಂದದ್ದನ್ನು ಕೂಡಲೇ ಒರೆಸಬೇಕು. ಬೇಗ ಕಚ್ಚಿಕೊಂಡರೂ ಪೂರ್ತಿ ಬಲ ಬರಲು 24 ಗಂಟೆ ಬಿಡುವುದು ಲೇಸು. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಇದು ನಿಧಾನ, ಆಕ್ಟಿವೇಟರ್ ಬಳಸುವುದುಂಟು. ಚರ್ಮಕ್ಕೆ ತಾಗಿದರೆ ಕೆರೆತವಾದೀತು, ಕೈಗವಸು ಇರಲಿ.

ಆದರೆ ಅಂಟು ಲೇತಿಗೆ ಬದಲಿಯಲ್ಲ. ಸಾಮಾನ್ಯ ಬಗೆಗಳು ತುಂಬುವುದು ಸುಮಾರು ಕಾಲು ಮಿಲಿಮೀಟರಿನ ಒಳಗಿನ ಎಡೆಯನ್ನು ಮಾತ್ರ. ಒಂದೇ ಪಕ್ಕ ಸವೆದ ಶಾಫ್ಟಿಗೆ ಹಚ್ಚಿದರೆ ಬೇರಿಂಗ್ ನಡುವಿನಿಂದ ಸರಿದು ಕೂತೀತು. ಅಂಥದ್ದನ್ನು ವೆಲ್ಡ್ ಮಾಡಿ ಲೇತಿಗೆ ಕೊಡುವುದೇ ಸರಿ. ಮುಂದೆ ಬಿಚ್ಚಬೇಕಾದಲ್ಲಿ ಮಧ್ಯಮ ಬಲದ ಬಗೆಯನ್ನೇ ಕೇಳಿ ಕೊಳ್ಳಿರಿ. ಹೆಚ್ಚು ಬಲದ್ದನ್ನು ಬಿಡಿಸಲು ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾದೀತು. ಆಗ ಬೇರಿಂಗ್ ಕೆಟ್ಟಂತೆಯೇ.

ನಮ್ಮ ಶಾಫ್ಟನ್ನು ಅಳೆಸಿದಾಗ ಸವೆತ ಅಲ್ಪವಿತ್ತು. ಅಂಟಿನಿಂದ ಕೂರಿಸಿದ ಬೇರಿಂಗ್ ಕಳೆದ ಕುಯ್ಲನ್ನು ನಿಲ್ಲದೆ ಮುಗಿಸಿಕೊಟ್ಟಿತು. ಅಡಿಕೆಗೆ ಬೋರ್ಡೋ ಹೊಡೆಯುವ ಪಂಪಿಗೂ ಇದೇ ಮಾತು ಸಲ್ಲುತ್ತದೆ. ಮಳೆಗೆ ಮುನ್ನ, ಕುಯ್ಲಿಗೆ ಮುನ್ನ, ಶಾಫ್ಟನ್ನು ಒಮ್ಮೆ ಕೈಯಿಂದ ಅಲುಗಾಡಿಸಿ ನೋಡಿರೆಂದು ಸದಸ್ಯರಲ್ಲಿ ನಮ್ಮ ವಿನಂತಿ.