ದವಡೆ ನೋವಿಗೆ ಇಂಜೆಕ್ಷನ್: ಕೆಲಸ ಮಾಡುವುದು ಔಷಧಿಯೋ, ಸೂಜಿಯೋ?

ಬೆಳಗ್ಗೆ ಎದ್ದಾಗ ಕೆನ್ನೆ ಬಿಗಿದಿರುತ್ತದೆ. ಚಕ್ಕುಲಿ ಕಡಿದರೆ ಕಿವಿಯ ಹತ್ತಿರ ನೋವು. ಹಲ್ಲಿನ ಎಕ್ಸ್‌ರೇ ತೆಗೆಸಿದರೆ ಏನೂ ಕಾಣುವುದಿಲ್ಲ. ಇಂಥ ನೋವಿನ ಮೂಲ ಬಹಳ ಸಲ ಹಲ್ಲಲ್ಲ, ಅಗಿಯುವ ಸ್ನಾಯುಗಳು: ಕೆನ್ನೆಯ ಮ್ಯಾಸೆಟರ್, ಹಣೆಯ ಪಕ್ಕದ ಟೆಂಪೊರಾಲಿಸ್. ಇದಕ್ಕೆ ಬೊಟಾಕ್ಸ್ ಒಂದೇ ಮದ್ದು ಎನ್ನುವವರಿದ್ದಾರೆ. ನಿಜವೇ?

ಬೊಟಾಕ್ಸ್‌ಗಿಂತ ಹಳೆಯದು ಲಿಗ್ನೋಕೇನ್ ಇಂಜೆಕ್ಷನ್. ಹಲ್ಲು ಕೀಳುವಾಗ ಕೊಡುವ ಅದೇ ಮರಗಟ್ಟಿಸುವ ಔಷಧಿ. ಸ್ನಾಯುವಿನಲ್ಲಿ ಗಂಟಿನಂತೆ ಕೈಗೆ ಸಿಗುವ, ಒತ್ತಿದರೆ ನೋಯುವ ಜಾಗಕ್ಕೆ (ಇದಕ್ಕೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ) ಅದನ್ನು ಚುಚ್ಚುತ್ತಾರೆ. ಮರಗಟ್ಟುವಿಕೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ಕೆಲವರಿಗೆ ನೋವು ದಿನಗಟ್ಟಲೆ ಕಡಿಮೆ ಇರುತ್ತದೆ. ಅದು ಹೇಗೆ?

1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ ಇದಕ್ಕೆ 'ಸೂಜಿಯ ಪರಿಣಾಮ' ಎಂಬ ಉತ್ತರ ಕೊಟ್ಟರು. ಸರಿಯಾದ ಜಾಗಕ್ಕೆ ಸೂಜಿ ತಾಗಿದರೆ ಔಷಧಿ ಇಲ್ಲದೆಯೂ ನೋವು ಇಳಿಯುತ್ತದೆ ಎಂಬುದು ಅವರ ವಾದ. ಮರುವರ್ಷ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಸ್ನಾಯು ನೋವಿದ್ದವರಲ್ಲಿ ಕೆಲವರಿಗೆ ಮರಗಟ್ಟಿಸುವ ಔಷಧಿ, ಉಳಿದವರಿಗೆ ಬರೀ ಸಲೈನ್ ಕೊಟ್ಟು ನೋಡಿದರೆ ಸಲೈನ್ ಗುಂಪೇ ತುಸು ಮುಂದಿತ್ತು! ಔಷಧಿಯಿಲ್ಲದ ತೆಳು ಸೂಜಿ ಚುಚ್ಚುವ 'ಡ್ರೈ ನೀಡ್ಲಿಂಗ್' ಇದೇ ತರ್ಕದ ಮೇಲೆ ನಿಂತಿದೆ.

ಬೊಟಾಕ್ಸ್ ಕೆಲಸ ಮಾಡುವ ರೀತಿಯೇ ಬೇರೆ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರುವುದನ್ನು ಅದು ತಡೆಯುತ್ತದೆ. 'ಬಿಗಿಯಾಗು' ಎಂಬ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ. ಪರಿಣಾಮ ಕಾಣಲು ಕೆಲವು ದಿನ ಬೇಕು, ಉಳಿಯುವುದು ಸುಮಾರು 3-4 ತಿಂಗಳು. ಆಮೇಲೆ ಮತ್ತೆ ಚುಚ್ಚಿಸಿಕೊಳ್ಳಬೇಕು, ಮತ್ತೆ ದುಡ್ಡು ಸುರಿಯಬೇಕು. ಅಗಿಯುವ ಶಕ್ತಿ ಕುಗ್ಗಬಹುದು, ಪಕ್ಕದ ಸ್ನಾಯುವಿಗೆ ಹರಡಿದರೆ ನಗು ಸೊಟ್ಟಗಾಗಬಹುದು. ಪದೇಪದೇ ಹಾಕಿಸಿಕೊಂಡರೆ ಸ್ನಾಯು ಸೊರಗುತ್ತದೆ. ಮುಖ ತೆಳ್ಳಗಾಗಲೆಂದು ಬಯಸುವವರಿಗೆ ಅದೇ ಲಾಭ ಅನ್ನಿಸಬಹುದು, ನೋವಿನ ರೋಗಿಗೆ ಅಲ್ಲ.

ಇಷ್ಟಾದರೂ ಫಲ ಖಚಿತವೇ? ಸಲೈನ್ ಜೊತೆ ಹೋಲಿಸಿದ ಪ್ರಯೋಗಗಳಲ್ಲಿ ಕೆಲವು ಬೊಟಾಕ್ಸ್ ಪರವಾಗಿವೆ, ಕೆಲವದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅಮೆರಿಕದ ಎಫ್‌ಡಿಎ 2010ರಲ್ಲಿ ದೀರ್ಘಕಾಲದ ಮೈಗ್ರೇನ್‌ಗೆ ಬೊಟಾಕ್ಸ್ ಒಪ್ಪಿತು, ದವಡೆ ನೋವಿಗೆ ಒಪ್ಪಿಲ್ಲ. 2023ರಲ್ಲಿ 'ಬಿಎಂಜೆ' ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ಬೊಟಾಕ್ಸ್ ಮತ್ತು ಟ್ರಿಗರ್ ಪಾಯಿಂಟ್ ಇಂಜೆಕ್ಷನ್ ಎರಡನ್ನೂ ಸಾಮಾನ್ಯವಾಗಿ ಬೇಡ ಎಂದಿದೆ. ಅದು ಬಲವಾಗಿ ಶಿಫಾರಸು ಮಾಡಿದ್ದು ದವಡೆಯ ವ್ಯಾಯಾಮ, ತರಬೇತಾದವರು ಕೈಯಿಂದ ಮಾಡುವ ಸ್ನಾಯು ಚಿಕಿತ್ಸೆ ಮತ್ತು ನೋವನ್ನು ನಿಭಾಯಿಸಲು ಕಲಿಸುವ ಸಿಬಿಟಿ ಎಂಬ ಮನೋಚಿಕಿತ್ಸೆ. ಹಾಗಾಗಿ ಫಿಸಿಯೋಥೆರಪಿಯ ಹೆಸರೇ ಎತ್ತದೆ ಮೊದಲ ಭೇಟಿಯಲ್ಲೇ ಬೊಟಾಕ್ಸ್ ಪ್ಯಾಕೇಜ್ ಹೇಳಿದರೆ, ಇನ್ನೊಬ್ಬ ವೈದ್ಯರನ್ನೂ ಕೇಳಿ ನೋಡಿ.

ಇನ್ನೊಂದು ವಿಷಯ. ಮೆಟ್ಟಿಲು ಹತ್ತುವಾಗ ದವಡೆ ನೋವು ಶುರುವಾಗಿ ಕುಳಿತರೆ ಕಡಿಮೆಯಾಗುತ್ತಿದ್ದರೆ ಅದು ಹೃದಯದ ಸೂಚನೆ ಇರಬಹುದು, ತಡಮಾಡದೆ ವೈದ್ಯರಿಗೆ ತೋರಿಸಿ. ಜೊತೆಗೆ ಬೆವರು, ಎದೆ ಬಿಗಿತ, ಉಸಿರು ಕಟ್ಟುವಿಕೆ ಇದ್ದರೆ ಹಲ್ಲಿನ ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, 108ಕ್ಕೆ ಕರೆ ಮಾಡಿ.